ಕೆಂಪು ಕಲ್ಲಿನ ಕೋಣೆಗೆ ಒಂದು ಕಿಟಕಿ

ಜೇವರ್ಗಿಯಲ್ಲಿ ನನ್ನ ಗಂಡನ ಮನೆಗೆ ಕೆಂಪು ಕಲ್ಲಿನ ಮನೆ ಎಂದೇ ಹೆಸರಿತ್ತು. ಓಣಿಯ ಉಳಿದ ಮನೆಗಳೆಲ್ಲ ಹತ್ತಿರದಲ್ಲೇ ಸಿಗುವ ಬೂದು ಬಣ್ಣದ ಫರ್ಸಿ ಕಲ್ಲಿನವು. ನಮ್ಮ ಮನೆಯವರ ಅಜ್ಜ ಮಾತ್ರ ಹಟ ಹಿಡಿದು, ಸುರಪುರದ ಕಡೆಯ ಗುಡ್ಡಗಳಿಂದ ಎತ್ತಿನ ಗಾಡಿಗಳಲ್ಲಿ ಕೆಂಪು ಛಾಯೆಯ ಗಟ್ಟಿ ಕಲ್ಲು ತರಿಸಿ ಕಟ್ಟಿಸಿದ್ದರಂತೆ. ನಾನು ಆಳಂದದವಳು. ನನ್ನ ತವರಿನಲ್ಲಿ ಕರಿ ಕಲ್ಲು, ಮಣ್ಣು, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ಮದುವೆಯಾಗಿ ಬಂದ ವಾರದಲ್ಲೇ ನಮ್ಮ ಅತ್ತೆ ನನ್ನನ್ನು ಗೋಡೆಯ ಹತ್ತಿರ ನಿಲ್ಲಿಸಿ, “ಕೈ ಇಟ್ಟು ನೋಡು. ನಿಮ್ಮ ಆಳಂದದಾಗ ಇಂಥಾ ಕಲ್ಲು ಎಲ್ಲಿ ಅದ?” ಎಂದಿದ್ದರು. ಇಲ್ಲ ಎಂದೆ. ಆ ಉತ್ತರ ಅವರಿಗೆ ಎಷ್ಟು ಹಿಡಿಸಿತೆಂದರೆ, ಬಂದ ನೆಂಟರ ಮುಂದೆಲ್ಲ ಅದನ್ನು ಮತ್ತೆ ಮತ್ತೆ ನನ್ನ ಬಾಯಿಂದ ಹೇಳಿಸುತ್ತಿದ್ದರು.

ಅತ್ತೆ ರಾತ್ರಿಯಿಡೀ ಕೆಮ್ಮುತ್ತ ಮಲಗುತ್ತಿದ್ದುದು ಮನೆಯ ಹಿಂದಿನ ಕೋಣೆಯಲ್ಲಿ. ಅದರ ಮೂರು ಗೋಡೆಗಳು ನಮ್ಮ ಮನೆಯೊಳಗಿನವೇ. ನಾಲ್ಕನೆಯದರ ಆಚೆಗೆ ಸಣ್ಣತ್ತೆಯ ಅಂಗಳ. ಸಣ್ಣತ್ತೆ ಎಂದರೆ ಅತ್ತೆಯ ನೆಗೆಣ್ಣಿ, ಮಾವನ ತಮ್ಮನ ಹೆಂಡತಿ. ಒಂದೇ ಮನೆ ಎರಡು ಪಾಲಾಗಿತ್ತು. ಪಾಲಾಗುವಾಗ ನೀರು ಕಾಯಿಸುವ ತಾಮ್ರದ ಹಂಡೆಯ ಮೇಲೆ ಜಗಳವಾಗಿ, ಹಂಡೆ ನಮ್ಮ ಕಡೆ, ಅದರ ಮುಚ್ಚಳ ಆ ಕಡೆ ಉಳಿದವು. ಅಣ್ಣತಮ್ಮಂದಿರಿಬ್ಬರೂ ತೀರಿಹೋಗಿದ್ದರು. ಅವರ ಹೆಂಡತಿಯರು ಮಾತು ಬಿಟ್ಟು ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಆ ಕೋಣೆಗೆ ಕಿಟಕಿಯಿರಲಿಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯನ್ನು ಮಳೆ ಸೋರುತ್ತದೆಂದು ಯಾವ ಕಾಲದಲ್ಲೋ ಚಪ್ಪಡಿ ಹಾಕಿ ಮುಚ್ಚಿದ್ದರು. ಪಕ್ಕದಲ್ಲೇ ಅಡುಗೆಮನೆ, ಎರಡರ ನಡುವೆ ಕದವಿಲ್ಲದ ಬಾಗಿಲು. ತೊಗರಿ ಕಟ್ಟಿಗೆಯ ಹೊಗೆ ಮೂಲೆಯ ಸಣ್ಣ ತೂತಿನಲ್ಲಿ ಒಂದಿಷ್ಟು ಹೋಗುತ್ತಿತ್ತು, ಮಿಕ್ಕಿದ್ದು ನನ್ನ ಕಣ್ಣು ಮೂಗಿಗೆ. ಅದರ ಬಗ್ಗೆ ಯಾರೂ ಎಂದೂ ಏನೂ ಕೇಳಿರಲಿಲ್ಲ.

ನಮ್ಮ ಮನೆಯವರು ಅಫಜಲಪುರ ತಾಲೂಕಿನ ಅತನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಸೋಮವಾರ ನಸುಕಿನ ಬಸ್ಸಿಗೆ ಹೋದರೆ ಶನಿವಾರ ಸಂಜೆ ಬರುತ್ತಿದ್ದರು. ಭಾನುವಾರ ಒಂದು ದಿನ ಮನೆಯಲ್ಲಿದ್ದು ಏನಾದರೊಂದು ಹೊಸ ವಿಚಾರ ಹಚ್ಚಿ, ಆರು ದಿನ ಅದರ ಫಲ ಉಣ್ಣಲು ನನ್ನನ್ನು ಬಿಟ್ಟು ಹೋಗುವುದು ಅವರ ಪದ್ಧತಿ. ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಹೀಗೇ ಒಂದು ಭಾನುವಾರ ತಮ್ಮ ಕಾಲೇಜಿನ ಗೆಳೆಯನನ್ನು ಕರೆತಂದರು. ಆತ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಒಳಗೆ ಉಗುರಿನಗಲದ ಕೆಂಪು ಫಿಲ್ಮು.

ಗೆಳೆಯ ಹೇಳಿದ್ದು ನನಗೆ ಅರ್ಥವಾದಷ್ಟು ಇದು: ಕಲ್ಲು, ಮಣ್ಣು, ಇಟ್ಟಿಗೆ ಎಲ್ಲದರಲ್ಲೂ ರೇಡಿಯಂ ಎಂಬ ಧಾತು ಎಳ್ಳಿಗಿಂತ ಕಮ್ಮಿ, ಕಾಣದಷ್ಟು ಇರುತ್ತದೆ. ಅದು ತನ್ನಷ್ಟಕ್ಕೆ ಒಡೆಯುತ್ತ ರೇಡಾನ್ ಎಂಬ ಅನಿಲ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಪುಪ್ಪುಸಕ್ಕೆ ಕೆಡುಕು. ಕರಿ ಕಲ್ಲಿನಲ್ಲಿ ಇದು ಕಮ್ಮಿ, ಕೆಂಪು ಗ್ರಾನೈಟಿನಲ್ಲಿ ಹೆಚ್ಚು. ಡಬ್ಬಿಯನ್ನು ಮೂರು ತಿಂಗಳು ತೂಗು ಹಾಕಿದರೆ ಅನಿಲ ಫಿಲ್ಮಿನ ಮೇಲೆ ಗುರುತು ಮಾಡುತ್ತದೆ. ಆ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು.

ಆಳಂದದ ಕರಿ ಕಲ್ಲು ಗೆದ್ದಿತೆಂದು ನನಗೆ ಒಳಗೊಳಗೆ ಸಂತೋಷವಾಯಿತು. ಅತ್ತೆಗೆ ಸಿಟ್ಟು ಬಂತು.

“ನಮ್ಮ ಕಲ್ಲಿನಾಗ ವಿಷ ಅದ ಅಂತೀಯೇನು? ಈ ಕ್ವಾಣ್ಯಾಗೇ ನಿನ್ನ ಹಡದೇನಿ. ನಿನ್ನ ಅಕ್ಕಂದಿರನ್ನೂ ಇಲ್ಲೇ ಹಡದೇನಿ. ಯಾರಿಗಿ ಏನಾಗ್ಯಾದ?” ಎಂದು ಮಗನನ್ನು ಕೇಳಿದರು.

“ವಿಷ ಅಲ್ಲವ್ವಾ, ಅನಿಲ. ಹಗೇವು ತೆಗದಾಗ ಲಗೂನ ಯಾರೂ ಇಳಿಯಂಗಿಲ್ಲಲ್ಲ, ಒಳಗಿನ ಗಾಳಿ ಹೋಗಲಿ ಅಂತ ಬಿಡತೀವಲ್ಲ, ಹಂಗ.”

ಹಗೇವು ಎಂದರೆ ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪ್ರತಿ ಊರಲ್ಲೂ ಇತ್ತು. ಆ ಗಾಳಿಯೇ ಬೇರೆ, ಈ ಅನಿಲವೇ ಬೇರೆ ಎಂದು ಗೆಳೆಯ ತಿದ್ದಲು ಹೋದ. ನಮ್ಮ ಮನೆಯವರು ಕಣ್ಣು ಸನ್ನೆ ಮಾಡಿ ಸುಮ್ಮನಾಗಿಸಿದರು. ಅತ್ತೆ ಹೇಳಿದರು: “ಹಗೇದಾಗ ಇಳದಾಂವ ಅಲ್ಲೇ ಬೀಳ್ತಾನ. ನಾ ಐವತ್ತು ವರ್ಷದಿಂದ ಬೀಳಲಾರದ ಕುಂತೇನಿ.” ಆದರೂ ಮಗನ ಗೆಳೆಯ ಊಟ ಬಿಟ್ಟು ಎದ್ದಾನೆಂದು ತಮ್ಮ ಕೋಣೆಯಲ್ಲಿ ಡಬ್ಬಿ ಕಟ್ಟಲು ಒಪ್ಪಿದರು.

ಸೋಮವಾರ ಗೆಳೆಯರಿಬ್ಬರೂ ಹೊರಟರು. “ಡಬ್ಬಿ ಯಾರೂ ಮುಟ್ಟಲಾರದಂಗ ನೋಡಕೋ” ಎಂದು ನನಗೆ ಹೇಳಿ ನಮ್ಮ ಮನೆಯವರು ಬಸ್ಸು ಹತ್ತಿದರು. ಯಾರೂ ಎಂದರೆ ಯಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಓಣಿಯ ಹೆಂಗಸರು ಡಬ್ಬಿ ನೋಡಲು ಬಂದರು. ಸೊಳ್ಳೆ ಓಡಿಸುವುದಕ್ಕೆ ಎಂದು ಒಬ್ಬರು, ಮಾತು ಕೇಳಿಸಿಕೊಳ್ಳುವ ಯಂತ್ರ ಎಂದು ಇನ್ನೊಬ್ಬರು. ಎರಡನೆಯ ಮಾತು ಅತ್ತೆಯ ತಲೆಯಲ್ಲಿ ಕೂತಿತು. ಅಂದಿನಿಂದ ನನ್ನನ್ನು ಬಯ್ಯುವುದಿದ್ದರೆ ಅಡುಗೆಮನೆಗೆ ಬಂದು ಬಯ್ಯತೊಡಗಿದರು. ಡಬ್ಬಿಯ ಮೇಲೆ ವಿಭೂತಿ ಹಚ್ಚಿದರು. ಡಬ್ಬಿ ಕಟ್ಟಿದ ದಾರಕ್ಕೇ ಒಗೆದ ಸೀರೆ ಸಿಕ್ಕಿಸಿದರು. ನಾನು ತೆಗೆದೆ, ಅವರು ಮತ್ತೆ ಸಿಕ್ಕಿಸಿದರು. ಕೊನೆಗೊಂದು ದಿನ ಕೋಣೆ ಗುಡಿಸಲು ಹೋದರೆ ಡಬ್ಬಿ ಅತ್ತೆಯ ಹಾಸಿಗೆಯ ಪಕ್ಕದಲ್ಲಿದೆ, ಒಳಗೆ ಅಡಿಕೆ ಚೂರು, ಲವಂಗ.

“ಒಳಗಿಂದು ಕೆಂಪು ಫಿಲ್ಮು ಎಲ್ಲಿ ಅದರಿ, ಅತ್ತಿ?”

“ಅದಾ? ಯಾವದೋ ಹಾಳಿ ಅಂಟಿತ್ತು. ಕಿತ್ತಿ ಒಲ್ಯಾಗ ಒಗದೆ.”

ಶನಿವಾರ ನಮ್ಮ ಮನೆಯವರು ಸಿಟ್ಟಾದದ್ದು ನನ್ನ ಮೇಲೆ. ತಾಯಿಯ ಹತ್ತಿರ ಹೋಗಿ, “ಇರಲಿ ಬಿಡವ್ವಾ, ಹೊಸದು ಹಚ್ಚೋಣು” ಎಂದರು. ಹೊಸ ಫಿಲ್ಮು ಬಂತು. ಮತ್ತೆ ಮೂರು ತಿಂಗಳು ಕಾವಲು. ಈ ಸಲ ಡಬ್ಬಿಯನ್ನು ಅತ್ತೆಯ ಕೈಗೆ ಎಟುಕದ ಹಾಗೆ ತೊಲೆಗೆ ಕಟ್ಟಿಸಿದೆ.

ಅವಧಿ ಮುಗಿದ ಮೇಲೆ ಗೆಳೆಯ ಬಂದು ಡಬ್ಬಿ ಬಿಚ್ಚಿಕೊಂಡ. ಚಹಾಕ್ಕೆಂದು ಅಡುಗೆಮನೆಯ ಬಾಗಿಲಲ್ಲಿ ಕೂತವನಿಗೆ ಕಣ್ಣಲ್ಲಿ ನೀರು, ಬಾಯಿ ತುಂಬ ಕೆಮ್ಮು.

“ವೈನಿ, ಇಲ್ಲಿ ಹೆಂಗ ಕೂಡತೀರಿ? ಆ ಅನಿಲದಕಿಂತ ಈ ಹೊಗಿನೇ ಮೊದಲ ಪುಪ್ಪುಸ ತಿಂತದ” ಎಂದ.

ನಾನು ನಮ್ಮ ಮನೆಯವರ ಕಡೆ ನೋಡಿದೆ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಕೇಳಿಸಿಕೊಳ್ಳಲಿಲ್ಲ. ಕಣ್ಣಿಗೆ ಕಾಣದ್ದನ್ನು ಅಷ್ಟು ಕಾಳಜಿಯಿಂದ ಹುಡುಕುವ ಮನುಷ್ಯನಿಗೆ, ನನ್ನ ಮುಖದ ಮುಂದೆ ಏಳುತ್ತಿದ್ದದ್ದು ಕಾಣದೇ ಹೋದದ್ದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೆಲ ವಾರಗಳ ಮೇಲೆ ಫಲಿತಾಂಶ ಬಂತು. ಅತ್ತೆಯ ಕೋಣೆಯಲ್ಲಿ ಅನಿಲ ಜಾಸ್ತಿಯಿದೆ, ಹೆದರುವಷ್ಟಲ್ಲ, ಆದರೆ ವಯಸ್ಸಾದವರು ಕೆಮ್ಮುತ್ತ ಮಲಗುವ ಜಾಗದಲ್ಲಿ ಅಷ್ಟಿರಬಾರದು, ಗಾಳಿಯಾಡಿಸಿ ಎಂದು ಗೆಳೆಯ ಹೇಳಿದ. ಮುಂದಿನ ಕೋಣೆಗೆ ಬರಲು ಅತ್ತೆ ಸುತರಾಂ ಒಪ್ಪಲಿಲ್ಲ. ಬೆಳಕಿಂಡಿ ತೆಗೆದರೆ ಮಾಳಿಗೆ ಕುಸಿಯುವ ಭಯ. ಹಾಗಾಗಿ ಸಣ್ಣತ್ತೆಯ ಅಂಗಳದ ಕಡೆಯ ಗೋಡೆ ಒಡೆದು ಕಿಟಕಿ ಇಡಬೇಕೆಂದು ನಮ್ಮ ಮನೆಯವರು ತೀರ್ಮಾನಿಸಿದರು. ಅವರ ಅಂಗಳಕ್ಕೆ ಬಾಯಿ ಬಿಡುವ ಕಿಟಕಿ. ಅವರನ್ನು ಕೇಳದೆ ಆಗುವ ಹಾಗಿರಲಿಲ್ಲ.

ನಮ್ಮ ಮನೆಯವರು ಭಾನುವಾರ ಹೋಗಿ ಕೇಳಿದರು. ಸಣ್ಣತ್ತೆ, “ನನಗ ಯಾಕ ಕೇಳ್ತಿ? ಯಾರ ಕ್ವಾಣಿ ಅದ ಅವರ ಬಂದ ಕೇಳಲಿ” ಎಂದರಂತೆ. ಅತ್ತೆ, “ಆಕಿಗಿ ಕೇಳೋದಕಿಂತ ಅನಿಲ ಕುಡದ ಸಾಯ್ತೇನಿ” ಎಂದರು. ಮರುದಿನ ಸೋಮವಾರ. ನಮ್ಮ ಮನೆಯವರು, “ನೀನು ಹೆಂಗಾರ ಒಪ್ಪಿಸು, ಹೆಣ್ಣಮಕ್ಕಳ ಮಾತು ಹೆಣ್ಣಮಕ್ಕಳಿಗೇ ತಿಳೀತದ” ಎಂದು ಹೇಳಿ ಅತನೂರಿಗೆ ಹೋದರು.

ವಾರವೆಲ್ಲ ನಾನು ಆ ಬಾಗಿಲಿಗೂ ಈ ಬಾಗಿಲಿಗೂ ತಿರುಗಿದೆ. ಸಣ್ಣತ್ತೆ ಚಹಾ ಕೊಡುತ್ತಿದ್ದರು, ಸಜ್ಜಕ ಕೊಡುತ್ತಿದ್ದರು, ನನ್ನ ತವರಿನ ಸುದ್ದಿಯೆಲ್ಲ ಕೇಳುತ್ತಿದ್ದರು. ಕಿಟಕಿಯ ಮಾತು ತೆಗೆದ ಕೂಡಲೇ ಕಿವಿ ಮಂದವಾಗುತ್ತಿತ್ತು. ತಡೆಯಲಾರದೆ ಒಂದು ದಿನ ಎಲ್ಲವನ್ನೂ ಬಿಡಿಸಿ ಹೇಳಿದೆ: ಕಲ್ಲು, ಅನಿಲ, ಡಬ್ಬಿ, ಫಿಲ್ಮು. ಸಣ್ಣತ್ತೆ ಚಹಾದ ಬಟ್ಟಲು ಕೆಳಗಿಟ್ಟರು.

“ಅಲ್ಲ ಬೇ, ಕಲ್ಲು ಒಂದೇ, ಕಟ್ಟಿಸಿದ ಮಾವನೂ ಒಬ್ಬಾಂವ. ಹಂಗಾದ್ರ ನಮ್ಮ ಮನಿ ಗ್ವಾಡ್ಯಾಗೂ ಅನಿಲ ಇರಬೇಕಲ್ಲ? ಡಬ್ಬಿ ಆಕೀ ಮನಿಗೆ ಅಷ್ಟೇ ಯಾಕ ಹಚ್ಚಿದ?”

“ಅತ್ತಿಗಿ ಕೆಮ್ಮು ಅದ ಅಂತರಿ, ಸಣ್ಣತ್ತಿ.”

“ನನಗ ಕೆಮ್ಮಿಲ್ಲೇನು?” ಎಂದು ಅಲ್ಲೇ ಎರಡು ಸಲ ಕೆಮ್ಮಿ ತೋರಿಸಿದರು. “ನಿನ್ನ ಗಂಡನಿಗಿ ಹೇಳು. ನಾನೂ ಇದೇ ಮನಿ ಸೊಸಿ. ನನಗೂ ಒಂದು ಡಬ್ಬಿ ಬೇಕು.”

ಡಬ್ಬಿ ಬಂತು. ಮತ್ತೆ ಮೂರು ತಿಂಗಳು! ಅಷ್ಟರಲ್ಲಿ ಬೇಸಿಗೆ ಹೋಗಿ ಮಳೆ ಬಂದಿತ್ತು. ಸಣ್ಣತ್ತೆ ತಮ್ಮ ಡಬ್ಬಿಯನ್ನು ದೇವರಂತೆ ಕಾದರು. ಮೊಮ್ಮಕ್ಕಳನ್ನು ಆ ಕೋಣೆಗೇ ಬಿಡಲಿಲ್ಲ. ಫಲಿತಾಂಶ ಬಂದಾಗ ಅವರ ಕಡೆ ಅನಿಲ ತೀರಾ ಕಮ್ಮಿ. ಆ ಪಾಲಿಗೆ ಎರಡು ಕಡೆ ಬಾಗಿಲು, ದಿನವಿಡೀ ಗಾಳಿ. ಇದನ್ನು ಕೇಳಿ ಅವರು ಖುಷಿಪಡುತ್ತಾರೆಂದು ನಾನು ಎಣಿಸಿದ್ದೆ. ಅವರ ಮುಖ ಸಣ್ಣಗಾಯಿತು.

“ಆಕೀಗಿಂತ ಕಮ್ಮಿ ಏನು?”

“ಕಮ್ಮಿ ಇದ್ರ ಚಲೋರಿ.”

ಈ ಕಡೆ ಅತ್ತೆ ಹಿಗ್ಗಿದರು. “ಎಷ್ಟಾದ್ರೂ ಹಿರೇ ಪಾಲು. ಖರೇ ಕಲ್ಲೆಲ್ಲ ನಮ್ಮ ಕಡೀನೇ ಹಾಕ್ಯಾರ” ಎಂದು ಬಂದವರಿಗೆಲ್ಲ ಹೇಳಿದರು. ಕೆಡುಕಿನಲ್ಲೂ ಮೇಲಾಗಬೇಕೆನ್ನುವ ಇಬ್ಬರು ಮುದುಕಿಯರ ನಡುವೆ ನಾನು ತಲೆ ತಲೆ ಚಚ್ಚಿಕೊಂಡೆ. ಆದರೆ ಎರಡು ದಿನ ಬಿಟ್ಟು ಸಣ್ಣತ್ತೆಗೆ ಓಣಿಯವರು ಯಾರೋ ವಿವರಿಸಿ ಹೇಳಿರಬೇಕು. ನನ್ನನ್ನು ಕರೆದು, ಬಲು ದೊಡ್ಡ ಮನಸ್ಸಿನ ದನಿಯಲ್ಲಿ, “ಪಾಪ, ಉಸಿರಾಡಾಕ ಗಾಳಿ ಇಲ್ಲ ಆಕೀಗಿ. ಹಚ್ಚಕೋ ಅನ್ನು ಕಿಡಕಿ. ನಾ ಏನೂ ಅನ್ನಂಗಿಲ್ಲ” ಎಂದರು. ‘ಪಾಪ’ ಎಂಬ ಮಾತನ್ನು ನಾನು ಅತ್ತೆಗೆ ತಲುಪಿಸಲಿಲ್ಲ.

ಮುಂದಿನದು ಕಲ್ಲು ಕೆಲಸದ ಗೌಂಡಿಯ ಪಾಳಿ. ಆತ ಊರಿನ ಹಳೆಯ ಕೈ. ಮಾತು ಸಕ್ಕರೆ. “ಎರಡು ದಿನದ ಕೆಲಸರಿ ಅಕ್ಕಾರ, ಫಿಕರ್ ಮಾಡಬ್ಯಾಡ್ರಿ” ಎಂದು ಬಂದ. ಮೊದಲ ದಿನ ಗೋಡೆಯ ಒಳಮೈಯಲ್ಲಿ ಕುಂಬಳಕಾಯಿಯಷ್ಟು ಕಲ್ಲು ಕಿತ್ತ. ಎರಡನೆಯ ದಿನ ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಆತನ ಮನೆಗೆ ಹೋದರೆ ತಂಗಿಯ ಮಗಳ ಮದುವೆಗೆ ಸೊಲ್ಲಾಪುರಕ್ಕೆ ಹೋಗಿದ್ದಾನೆ ಎಂದರು. ಅದು ಮುಗಿಯಿತೆಂದರೆ ಉಳಿ ಮುರಿದಿದೆ ಎಂದ. ಉಳಿ ಬಂದರೆ ಜಿಟಿಜಿಟಿ ಮಳೆ. ಅಷ್ಟು ದಿನ ಆ ಕುಳಿಯಿಂದ ಮಣ್ಣು ಅತ್ತೆಯ ಹಾಸಿಗೆಯ ಮೇಲೆ ಉದುರುತ್ತಲೇ ಇತ್ತು. ದಿನಾ ಝಾಡಿಸುವವಳು ನಾನು. “ಗ್ವಾಡಿ ಒಡಸಿದವಳು” ಎಂದು ಬಯ್ಯಿಸಿಕೊಳ್ಳುವವಳೂ ನಾನೇ.

ಕೊನೆಗೊಂದು ಬಿಸಿಲಿನ ಮುಂಜಾನೆ ಗೌಂಡಿ ತಾನಾಗಿ ಬಂದು ಹಾರೆ ಹಾಕಿದ. ಆಚೆ ಅಂಗಳದಲ್ಲಿ ಸಣ್ಣತ್ತೆ ಹಗ್ಗದ ಹೊರಸಿನ ಮೇಲೆ ಶ್ಯಾವಿಗೆ ಒಣಹಾಕಿದ್ದರು. ಆಚೆ ಏನಿದೆಯೆಂದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ಕಲ್ಲೊಂದು ದಡಕ್ಕನೆ ಆಚೆ ಬಿತ್ತು. ಮಣ್ಣು, ಧೂಳು, ಶ್ಯಾವಿಗೆ ಎಲ್ಲ ಒಂದಾಯಿತು. ಸಣ್ಣತ್ತೆ ತೂತಿನ ಹತ್ತಿರ ಬಂದು ಕೂಗಿದರು:

“ಏ, ಕಣ್ಣಿಲ್ಲೇನು ನಿಮಗ?”

ಒಳಗೆ ಹಾಸಿಗೆಯ ಮೇಲಿದ್ದ ಅತ್ತೆ ಎದ್ದು ಕೂತರು. ಧೂಳಿನೊಳಗಿಂದ ಅವರ ದನಿ ಬಂತು: “ಗ್ವಾಡಿ ಒಡಿಯೂದು ಗೊತ್ತಿದ್ದೂ ಅಲ್ಲೇ ಒಣಗಹಾಕ್ತಾರೇನು? ಮೊದಲಿಂದ ನಿನ್ನ ಬುದ್ಧಿನೇ ಹಿಂಗ!”

ಗೌಂಡಿ ಹಾರೆ ಹಿಡಿದು ನಿಂತ. ಅಷ್ಟು ವರ್ಷಗಳ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ಶ್ಯಾವಿಗೆಯಿಂದ ಶುರುವಾಗಿ ಹಂಡೆ, ಮುಚ್ಚಳ, ಯಾರ ಬಾಣಂತನಕ್ಕೆ ಯಾರು ನೀರು ಕಾಯಿಸಿದರು ಎಂಬಲ್ಲಿಗೆ ಹೋಯಿತು. ಮಧ್ಯಾಹ್ನದ ಊಟದ ತನಕ ನಡೆಯಿತು. ಗೌಂಡಿ ಬುತ್ತಿ ಉಂಡು, ಕೆಲಸ ಬಿಟ್ಟು, ಕೇಳುತ್ತ ಕೂತ. ಸಂಜೆ ನಾನು ನಮ್ಮ ಮನೆಯ ಶ್ಯಾವಿಗೆ ಒಯ್ದು ಕೊಡಲು ಹೋದಾಗ ಸಣ್ಣತ್ತೆ ಸಿಟ್ಟಿನಲ್ಲಿರಲಿಲ್ಲ. “ಆಕೀ ದನಿ ಬಾಳ ಇಳದದ” ಎಂದರು, ಅಷ್ಟೇ.

ಕಿಟಕಿ ಕೂತಿತು. ಚೌಕಟ್ಟು ಹಾಕಿ ಸರಳು ಬಡಿದ ದಿನ ಅತ್ತೆಯ ಕೋಣೆಗೆ ಬಿಸಿಲು ಬಿತ್ತು. ಹಾಸಿಗೆಯ ಕೆಳಗಿನ ಜೇಡ, ಜಂತಿಯ ಮಸಿ ಎಲ್ಲ ಕಂಡವು. ಅವನ್ನೆಲ್ಲ ನಾನೇ ತೊಳೆದೆ. ಮುದುಕಿಯರಿಬ್ಬರೂ ದಿನಾ ಕಿಟಕಿಯ ಆಚೆ ಈಚೆ ಕೂತು ಮಾತಾಡತೊಡಗಿದರು. ಜಗಳದ ಸರಕು ಮುಗಿದ ಮೇಲೆ ಅವರಿಗೆ ಸಿಕ್ಕಿದ್ದು ನಾನು. “ಈಗಿನವರ ರೊಟ್ಟಿ ನೋಡು, ನಾಯಿ ಕಿವಿ ಇದ್ದಂಗ” ಎನ್ನುವುದು ನನಗೆ ಒಲೆಯ ಮುಂದೆಯೇ ಕೇಳಿಸುತ್ತಿತ್ತು.

ಅಡುಗೆಮನೆಯ ಹೊಗೆಗೆ ಹೊಸ ದಾರಿ ಸಿಕ್ಕಿತು. ಅತ್ತೆಯ ಕೋಣೆ ಹಾದು ಕಿಟಕಿಯಿಂದ ಸಣ್ಣತ್ತೆಯ ಅಂಗಳಕ್ಕೆ. ಅವರ ಒಣಹಾಕಿದ ಬಟ್ಟೆಯೆಲ್ಲ ಹೊಗೆ ವಾಸನೆ. ಸಣ್ಣತ್ತೆ ನನ್ನನ್ನು ಕರೆದು, “ಎಷ್ಟು ಹೊಗಿ ಬೇ ನಿಂದು!” ಎಂದರು. ನನ್ನದು! ಶನಿವಾರ ನಮ್ಮ ಮನೆಯವರಿಗೆ ಹೇಳಿದೆ: “ಅಡಗಿಮನಿ ಮಾಳಗಿಗಿ ಒಂದು ಪತ್ರಾ ಕೊಳವಿ ಹಾಕಸ್ರಿ, ಹೊಗಿ ಮ್ಯಾಲ ಹೋಗಲಿ.” ಅವರು ಹೊಸ ಡಬ್ಬಿ ಕಟ್ಟುತ್ತಿದ್ದರು, ಕಿಟಕಿಯ ನಂತರ ಎಷ್ಟು ಇಳಿದಿದೆ ನೋಡಲು. “ಅಡಗಿಮನ್ಯಾಗ ಅನಿಲ ಅಷ್ಟಿರಂಗಿಲ್ಲ” ಎಂದರು.

ಬುಧವಾರ ನಾನೇ ಗೌಂಡಿಯನ್ನು ಕರೆಸಿದೆ. ಈ ಸಲ ಬಾಗಿಲಲ್ಲೇ ಕೂತೆ. ತಗಡಿನ ಕೊಳವೆ ಕೂರುವ ತನಕ ಆತನ ಚಪ್ಪಲಿ ನನ್ನ ಬೆನ್ನ ಹಿಂದೆ ಇತ್ತು. ಅತ್ತೆ ಕಿಟಕಿಯಲ್ಲಿ, “ಗಂಡನ್ನ ಕೇಳಲಾರದ ಮಾಳಗಿ ಒಡಸಾಕತ್ತಾಳ ನೋಡು” ಎಂದರು. ಆಚೆಯಿಂದ ಸಣ್ಣತ್ತೆ, “ಒಡಸಲಿ ಬಿಡು, ನನ್ನ ಸೀರಿ ಉಳೀತಾವ” ಎಂದರು.

ಶನಿವಾರ ನಮ್ಮ ಮನೆಯವರು ಅಂಗಳದಲ್ಲಿ ನಿಂತು ಮಾಳಿಗೆಯ ಮೇಲಿನ ಕೊಳವೆಯನ್ನು ಬಹಳ ಹೊತ್ತು ನೋಡಿದರು.

“ನನಗೊಂದು ಮಾತು ಕೇಳಬೇಕಿಲ್ಲೇನು?”

“ಕೇಳಿದೆನಲ್ರಿ. ನೀವು ಡಬ್ಬಿ ಕಟ್ಟಾಕತ್ತಿದ್ರಿ.”

ಅವರು ಅಡುಗೆಮನೆಗೆ ಬಂದು ಕೂತು, ಒಲೆಯ ಮುಂದೆ ನನ್ನ ಹಾಗೆ ಬಗ್ಗಿ ಒಂದೆರಡು ಸಲ ಉಸಿರೆಳೆದರು. “ಮೊದಲು ಇಲ್ಲಿ ಹೆಂಗಿತ್ತು?” ಎಂದು ಕೇಳಿದರು. ಹದಿನೈದು ವರ್ಷದಿಂದ ನಾನು ಅದೇ ಒಲೆಯಲ್ಲಿ ಬೇಯಿಸಿದ್ದನ್ನು ಉಂಡವರು! ನಾನು ರೊಟ್ಟಿ ಬಡಿದೆ.

ಹೊಸ ಡಬ್ಬಿಯ ಫಲಿತಾಂಶ ಬಂದಾಗ, ಕಿಟಕಿಯಿಂದ ಕೋಣೆಯ ಅನಿಲ ಬಹಳಷ್ಟು ಇಳಿದಿತ್ತು. ಆ ಸುದ್ದಿಯನ್ನು ಅವರು ಬಸ್ ಸ್ಟ್ಯಾಂಡಿನ ಚಹಾದಂಗಡಿಯವರೆಗೂ ಹೇಳಿಕೊಂಡು ಬಂದರು. ಚಳಿಗಾಲ ಬಂದ ಕೂಡಲೇ ಅತ್ತೆ ಕಿಟಕಿಗೆ ಗೋಣಿಚೀಲ ತುರುಕಿದರು. ಶನಿವಾರ ಮಗ ಕೀಳುವುದು, ಸೋಮವಾರ ತಾಯಿ ತುರುಕುವುದು. ನಡುವಿನ ದಿನಗಳಲ್ಲಿ ಸಣ್ಣತ್ತೆ ಮಾತಾಡಲೆಂದು ಆಚೆಯಿಂದ ಎಳೆಯುವುದು. ಅತ್ತೆಯ ಕೆಮ್ಮು ಕಮ್ಮಿಯಾದದ್ದು ನಿಜ. ಅನಿಲ ಹೋಗಿ ಕಮ್ಮಿಯಾಯಿತೋ, ಹೊಗೆ ಹೋಗಿಯೋ ಎಂದು ನಮ್ಮ ಮನೆಯವರ ಗೆಳೆಯನನ್ನು ಕೇಳಿದೆ. ಅದನ್ನು ಹೇಳಲು ಬರುವುದಿಲ್ಲ ಎಂದ. ಅವರೆಲ್ಲರಲ್ಲಿ ನನಗೆ ನೆಟ್ಟಗೆ ಉತ್ತರ ಕೊಟ್ಟವನು ಅವನೊಬ್ಬನೇ.

ಕೆಲವು ವರ್ಷಗಳ ಮೇಲೆ ಮನೆಗೆ ಅಡುಗೆಯ ಸಿಲಿಂಡರು ಬಂತು. “ಗ್ಯಾಸು” ಎಂಬ ಮಾತು ಕೇಳಿದ್ದೇ ಅತ್ತೆ ಹೊಸ್ತಿಲಲ್ಲಿ ಅಡ್ಡ ಕೂತರು. “ಗ್ಯಾಸು ಹೊರಗ ಹಾಕಾಕ ಗ್ವಾಡಿ ಒಡಸಿದ್ರಿ. ಈಗ ಡಬ್ಬ್ಯಾಗ ತುಂಬಿ ಒಳಗ ತರಾಕತ್ತೀರಿ. ನಿಮಗ ಬುದ್ಧಿ ಅದನೋ ಇಲ್ಲೋ?” ಬೇರೆ ಅನಿಲ, ಬೇರೆ ಕೆಲಸ ಎಂದು ನಮ್ಮ ಮನೆಯವರು ಭಾನುವಾರವೆಲ್ಲ ಪಾಠ ಹೇಳಿದರು. ಸೋಮವಾರ ಬಸ್ಸು ಹತ್ತಿದರು. ಸಿಲಿಂಡರು ಪಡಸಾಲೆಯಲ್ಲೇ ಒಂದು ವಾರ ಕೂತಿತ್ತು. ಕಡೆಗೆ ಚಹಾ ಬೇಗ ಆಗುತ್ತದೆಂದು ಸಣ್ಣತ್ತೆ ಕಿಟಕಿಯಿಂದ ಹೇಳಿದ ಮೇಲೆ ಅತ್ತೆ ದಾರಿ ಬಿಟ್ಟರು. ರೊಟ್ಟಿಗೆ ಮಾತ್ರ ಒಲೆಯೇ ಬೇಕೆಂದರು. ಅವರಿರುವ ತನಕ ದಿನಾ ಎರಡು ಹೊತ್ತು ನಾನು ಒಲೆ ಹೊತ್ತಿಸಿದೆ, ಬಯ್ದುಕೊಂಡೇ ಹೊತ್ತಿಸಿದೆ.